ಹಾಡಿಗೆ ಹಾಕಿದ ಬೀಗ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಆ ಮನುಷ್ಯ ಸತ್ತಿಲ್ಲ. ಕುಮಟಾದಲ್ಲಿ ಗುಂಡುಕಲ್ಲಿನ ಹಾಗೆ ಇದ್ದಾನೆ. ಮೊನ್ನೆ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆಗೆ ಚೌಕಾಸಿ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡೆ. ಹಾಗಾಗಿ ಅವನ ಬಗ್ಗೆ ಬರೆಯಲು ನನಗೆ ಯಾವ ಅಡ್ಡಿಯೂ ಇಲ್ಲ. ಹೆಸರು ಹಾಕುವುದಿಲ್ಲ, ಅಷ್ಟೆ. ಹಾಕದಿದ್ದರೂ ಕುಮಟಾದಿಂದ ಭಟ್ಕಳದವರೆಗೆ ಓದಿದವರಿಗೆಲ್ಲ ಯಾರೆಂದು ಗೊತ್ತಾಗುತ್ತದೆ. ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

ನನ್ನ ತವರು ಧಾರೇಶ್ವರ. ಅಮ್ಮ ಗದ್ದೆ ಕೆಲಸದವಳು, ಆದರೆ ಊರಲ್ಲಿ ಅವಳಿಗೆ ಹೆಸರು ಬಂದದ್ದು ನಾಲಿಗೆಯಿಂದ. ಮದುವೆ ಊಟಕ್ಕೆ ಗಂಡಿನ ಕಡೆಯವರು ಎಲೆಯ ಮುಂದೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಹೀಯಾಳಿಸಿ ಹಾಡುತ್ತಾರಲ್ಲ, ಆ ಬೀಗರ ಹಾಡಿಗೆ ಅಮ್ಮನನ್ನು ಸುತ್ತಲ ಊರಿನವರು ಕರೆದೊಯ್ಯುತ್ತಿದ್ದರು. ಬೀಗರ ಮೂಗು, ಹೊಟ್ಟೆ, ಜಿಪುಣತನ, ಯಾವುದನ್ನೂ ಅವಳು ಬಿಡುತ್ತಿರಲಿಲ್ಲ. ಕೂತಲ್ಲೇ ನೋಡಿ, ಕೂತಲ್ಲೇ ಕಟ್ಟಿ ಹಾಡುವುದು. ನಮ್ಮ ಕಡೆ ಅದಕ್ಕೊಂದು ಕಟ್ಟಳೆಯಿದೆ. ಬೈಸಿಕೊಂಡ ಬೀಗ ಸಿಟ್ಟಾಗುವ ಹಾಗಿಲ್ಲ. ನಗುನಗುತ್ತ ಎದ್ದು ಬಂದು, ಹಾಡಿದವಳ ಕೈಗೆ ತೆಂಗಿನಕಾಯಿ, ವೀಳ್ಯದೆಲೆ ಕೊಡಬೇಕು. ಮುಖ ಊದಿಸಿಕೊಂಡರೆ ಆ ಮನೆಯವರಿಗೆ ಜೀವಮಾನದ ಅಪಹಾಸ್ಯ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮದುವೆಯಾಯಿತು. ನಮ್ಮ ನೆಂಟರೊಬ್ಬರು ಭಟ್ಕಳದ ಫಾರಿನ್ ಸಾಮಾನಿನ ಬಜಾರಿನಿಂದ ಒಂದು ಟೇಪ್ ರೆಕಾರ್ಡರ್ ತಂದಿದ್ದರು. ಅದರ ಬಡಾಯಿ ಕೊಚ್ಚಲೆಂದೇ ಚಪ್ಪರದ ಕಂಬಕ್ಕೆ ನೇತುಹಾಕಿ ಇಡೀ ದಿನದ ಹಾಡು ರೆಕಾರ್ಡ್ ಮಾಡಿದರು. ಸಂಜೆ ನನ್ನನ್ನು ಒಪ್ಪಿಸಿಕೊಡುವ ಹೊತ್ತಿಗೆ ಅಮ್ಮ ಒಂದು ಹಾಡು ಹೇಳಿದಳು. ಅದು ಯಾರೂ ಕೇಳಿದ ಹಾಡಲ್ಲ, ನನಗೆಂದೇ ಆಗ ಕಟ್ಟಿದ್ದು. ನಾನೋ ಮೂಗಿನ ತುದಿಯಲ್ಲಿ ನೀರು ಇಳಿಸುತ್ತ ಗೋಳೋ ಎಂದು ಅಳುತ್ತಿದ್ದೆ. ಅದೇ ಹೊತ್ತಿಗೆ ಹೊರಗೆ ವಾದ್ಯದವರು ಶುರುಮಾಡಿದರು. ಟೇಪಿನಲ್ಲಿ ‘ಹೊಸಲ ದಾಟೂ ಮಗಳೆ, ತಿರುಗಿ ನೋಡಲು ಬೇಡ’ ಎಂಬ ಒಂದು ಸಾಲು ಸ್ಪಷ್ಟವಾಗಿದೆ. ಮುಂದೆ ಬರೀ ಡೋಲಿನ ಬಡಿತ. ಅದರಡಿಯಲ್ಲಿ ಅಮ್ಮನ ದನಿ ನಡೆದುಹೋಗುತ್ತಿರುವುದು ತಿಳಿಯುತ್ತದೆ, ಮಾತು ತಿಳಿಯುವುದಿಲ್ಲ.

ಮೊದಲ ಸಲ ತವರಿಗೆ ಹೋದಾಗಲೇ ಕೇಳಿದೆ, ಮುಂದಿನ ಸಾಲು ಏನೆಂದು.

"ಬಾಯಿಗೆ ಬಂದದ್ದು ಹೇಳಿದೆ. ಈಗ ಯಾರಿಗೆ ನೆನಪದೆ?" ಎಂದಳು ಅಮ್ಮ. "ಎಂತಕ್ಕೆ ಅದು ನಿಂಗೆ? ಗಂಡನ ಮನೇಲಿ ಅನ್ನ ಹಾಕ್ತಾರೋ ಇಲ್ಲೋ ಅದನ್ನ ಹೇಳು ಮೊದ್ಲು."

ಮತ್ತೆ ಕೇಳೋಣ ಎಂದುಕೊಂಡೆ. ಅಷ್ಟರಲ್ಲಿ ಅವಳು ಹೋಗಿಯೇಬಿಟ್ಟಳು. ಧಾರೇಶ್ವರದಲ್ಲಿ ಆ ದಿನ ಚಪ್ಪರದಲ್ಲಿದ್ದ ಹೆಂಗಸರನ್ನೆಲ್ಲ ಕೇಳಿ ನೋಡಿದೆ. ಒಬ್ಬರಿಗೂ ಆ ಸಾಲುಗಳು ನೆನಪಿರಲಿಲ್ಲ. ಉಳಿದದ್ದು ಆ ಕ್ಯಾಸೆಟ್ ಒಂದೇ.

ನಾನು ಹೊನ್ನಾವರದಲ್ಲಿ ಗಂಡನ ಮನೆಯ ಜಗುಲಿಯಲ್ಲೇ ಹೊಲಿಗೆ ಅಂಗಡಿ ಇಟ್ಟೆ. ನನ್ನ ಯಜಮಾನರು ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವವರು. ಎಂಥ ಇಂಜಿನ್ನಾದರೂ ಮಾತಾಡಿಸುತ್ತಾರೆ, ತಾವು ಮಾತ್ರ ಮಾತಾಡುವುದಿಲ್ಲ. ಹೊಲಿಯುವಾಗ ನಾನು ಅಮ್ಮನ ಕ್ಯಾಸೆಟ್ ಹಾಕುತ್ತಿದ್ದೆ. ಯಾರೂ ಅದರ ಮೇಲೆ ಇನ್ನೊಂದು ರೆಕಾರ್ಡ್ ಮಾಡದಿರಲಿ ಎಂದು ಕ್ಯಾಸೆಟ್ಟಿನ ನೆತ್ತಿಯ ಮೇಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಕತ್ತರಿಯ ತುದಿಯಿಂದ ನಾನೇ ಮುರಿದು ತೆಗೆದಿದ್ದೆ. ಅವು ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಲು ಬರುವುದಿಲ್ಲ. ಕ್ಯಾಸೆಟ್ ಕಾಲದವರಿಗೆಲ್ಲ ಇದು ಗೊತ್ತು. ಆದರೆ ಸಮುದ್ರದ ಗಾಳಿಗೆ ಟೇಪಿಗೆ ಬೂಷ್ಟು ಹಿಡಿಯತೊಡಗಿತು, ದನಿ ಆಗಾಗ ನೀರಿನಲ್ಲಿ ಮುಳುಗಿದ ಹಾಗೆ ಕೇಳುತ್ತಿತ್ತು. ನನಗೆ ಹೆದರಿಕೆ ಹತ್ತಿತು.

ಅಂಥ ಹೊತ್ತಿಗೇ ಆ ಮನುಷ್ಯ ಕುಮಟಾದಲ್ಲಿ ಗಾಜಿನ ಬಾಗಿಲಿನ ಅಂಗಡಿ ತೆರೆದ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಹಾಡಿನ ಪೆಟ್ಟಿಗೆ, ಕಿವಿಗೆ ಸಿಕ್ಕಿಸುವ ದಾರ, ಕುತ್ತಿಗೆಗೆ ನೇತುಹಾಕುವ ಪಟ್ಟಿ. ಯಾವುದೋ ದೊಡ್ಡ ಊರಿನ ಕಂಪನಿಯದ್ದು, ಇವನು ನಮ್ಮ ಕಡೆಯ ಏಜೆಂಟ್. ಒಳಗೆ ಎಷ್ಟು ಹಾಡು ಬೇಕಾದರೂ ತುಂಬಿಸಿಕೊಳ್ಳಬಹುದು, ಆದರೆ ಪ್ರತಿ ತಿಂಗಳೂ ಅಂಗಡಿಗೆ ತಂದು ಕಂಪ್ಯೂಟರಿಗೆ ಸಿಕ್ಕಿಸಿ ಚಂದಾ ಕಟ್ಟಬೇಕು. ಕಟ್ಟದಿದ್ದರೆ ಎಲ್ಲ ಹಾಡಿನ ಪಕ್ಕದಲ್ಲಿ ಒಂದು ಸಣ್ಣ ಬೀಗದ ಚಿತ್ರ ಬಂದು ಕೂರುತ್ತಿತ್ತು. ಅದು ಬಂತೆಂದರೆ ಪೆಟ್ಟಿಗೆ ಮೂಕ.

ಮೊದಮೊದಲು ಜನ ಮುಗಿಬಿದ್ದರು ಎನ್ನಲೇಬೇಕು. ಹೊನ್ನಾವರದಲ್ಲಿ ಒಂದು ಶಾಖೆಯಾಯಿತು, ಮುಂದೆ ಭಟ್ಕಳದಲ್ಲೂ ಒಂದು. ಕಾಲೇಜಿನ ಹುಡುಗಿಯರು ಬಸ್ಸಿನಲ್ಲಿ ಒಂದೊಂದು ಕಿವಿಗೆ ಒಂದೊಂದು ದಾರ ಹಂಚಿಕೊಂಡು ಕೂರುತ್ತಿದ್ದರು. ಟೆಂಪೋ ಡ್ರೈವರುಗಳು ಅದನ್ನು ಅಂಗಿಯ ಹೊರಗೆ ಕಾಣುವ ಹಾಗೆ ಹಾಕಿಕೊಳ್ಳುತ್ತಿದ್ದರು. ಆದರೆ ‘ಮಾಸಿಕ ಚಂದಾ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದರಲ್ಲ, ಅಲ್ಲೇ ಎಡವಟ್ಟಾದದ್ದು. ನಮ್ಮಲ್ಲಿ ಚಂದಾ ಎಂದರೆ ಗಣಪತಿಗೆ ಕೊಡುವುದು. ಕೊಟ್ಟರೆ ಮುಗಿಯಿತು, ಪ್ರಸಾದ ಮನೆಗೆ ಬರುತ್ತದೆ. ನಮ್ಮ ಕೇರಿಗೆ ಮೀನು ತರುವ ಹೆಂಗಸೊಬ್ಬಳು ಮೊಮ್ಮಗಳಿಗೆಂದು ಅದನ್ನು ಕೊಂಡಿದ್ದಳು. ಮರುತಿಂಗಳು ಬೀಗ ಬಿದ್ದಾಗ ಬುಟ್ಟಿಯ ಸಮೇತ ಹೊನ್ನಾವರದ ಗಾಜಿನ ಬಾಗಿಲೊಳಗೆ ನುಗ್ಗಿದಳಂತೆ.

"ಚಂದಾ ಕೊಟ್ಟಾತಲ್ಲಾ ಹೋದ ತಿಂಗ್ಳೇ! ಗಣಪತಿ ಚಂದಾ ಕೊಟ್ಟವ್ರ ಹೊಟ್ಟೆಯಿಂದ ಮರುತಿಂಗ್ಳು ಪಂಚಕಜ್ಜಾಯ ವಾಪಸ್ ಕೇಳ್ತಾರನಾ?" ಎಂದು ಅಲ್ಲೇ ಬುಟ್ಟಿ ಇಳಿಸಿ ಕೂತಳಂತೆ. ಏಸಿಯಲ್ಲಿ ಬಂಗುಡೆ ವಾಸನೆ ಇಡೀ ದಿನ ಸುತ್ತುತ್ತಿತ್ತಂತೆ. ಇದನ್ನು ಅವಳೇ ನನಗೆ ಹೇಳಿದ್ದು, ಹೇಳುವಾಗ ಅವಳಿಗೂ ನನಗೂ ನಗು ತಡೆಯಲಾಗಲಿಲ್ಲ. ಆಗ ನನಗೆ ಅದು ಬೇರೆಯವರ ಪೀಕಲಾಟವಾಗಿತ್ತು.

ಆ ಮನುಷ್ಯನ ಹೆಂಡತಿ ನನ್ನಲ್ಲಿ ರವಿಕೆ ಹೊಲಿಸುತ್ತಿದ್ದಳು. ಒಮ್ಮೆ ಅವಳನ್ನು ಕರೆದೊಯ್ಯಲು ಬಂದವನು ಜಗುಲಿಯಲ್ಲಿ ನಿಂತು ಅಮ್ಮನ ಟೇಪ್ ಕೇಳಿದ.

"ಅಕ್ಕಾ, ಯಾರದ್ದು ಈ ದನಿ? ನಮ್ಮ ಕಂಪನಿಯವ್ರು ಊರ ಬದಿಯ ಹಾಡು ಬೇಕು ಹೇಳಿ ಬಡ್ಕಂತಾ ಇದ್ರು. ಇದನ್ನ ಹಾಕ್ವ. ಕ್ಯಾಸೆಟ್ ಇನ್ನೊಂದು ಮಳೆಗಾಲ ಬರೂದಿಲ್ಲ. ನಮ್ಮಲ್ಲಿ ಹಾಕಿದ್ರೆ ಸಾವೇ ಇಲ್ಲ."

ಕೊಡುವುದಿಲ್ಲ ಎಂದೆ. ಅವನು ಕೊನೆಯ ಹಾಡು ಕೇಳಿಸಿಕೊಂಡ, ವಾದ್ಯದ ಗಲಾಟೆ ಕೇಳಿಸಿಕೊಂಡ. ಆಮೇಲೆ ಹೇಳಿದ, "ಈ ಡೋಲು ತೆಗೆದು ದನಿ ಬೇರೆ ಮಾಡ್ಲಿಕ್ಕೆ ಬತ್ತದೆ ಅಕ್ಕಾ. ಕಂಪ್ಯೂಟರಲ್ಲಿ. ನಾನೇ ಕೂತು ಮಾಡ್ಕೊಡ್ತೆ."

ಗಾಳ ಎಲ್ಲಿ ಹಾಕಬೇಕೆಂದು ಅವನಿಗೆ ಗೊತ್ತಿತ್ತು. ಕ್ಯಾಸೆಟ್ಟನ್ನು ಹೊಸ ರವಿಕೆ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ.

ಕೆಲವೇ ವಾರಗಳಲ್ಲಿ ಅಮ್ಮ ಆ ಪೆಟ್ಟಿಗೆಯೊಳಗೆ ಬಂದಳು. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಭಟ್ಕಳದ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಅಪರಿಚಿತ ಹುಡುಗಿ, ಕಿವಿಯ ದಾರದಿಂದ ನನಗೂ ಸಣ್ಣಗೆ ಕೇಳುತ್ತಿದ್ದ ಅಮ್ಮನ ಬೀಗರ ಹಾಡಿಗೆ ಒಬ್ಬಳೇ ನಗುತ್ತಿದ್ದಳು. ಆದರೆ ಕೊನೆಯ ಹಾಡು ಮೊದಲ ಸಾಲಿಗೇ ಕಡಿದುಹೋಗಿತ್ತು. ಕುಮಟಾಕ್ಕೆ ಹೋಗಿ ಕೇಳಿದೆ. ಉದ್ದವಾಯಿತೆಂದು ಕಂಪನಿಯವರು ಕತ್ತರಿಸಿದ್ದಾರೆ, ಪೂರ್ತಿ ಹಾಡು ತನ್ನ ಕಂಪ್ಯೂಟರಿನಲ್ಲಿದೆ, ಮುಂದಿನ ತಿಂಗಳು ಹಾಕುತ್ತೇನೆ ಎಂದ. ಮುಂದಿನ ತಿಂಗಳು ಅದರ ಮುಂದಿನ ತಿಂಗಳಾಯಿತು. ಕ್ಯಾಸೆಟ್ ಕೊಡು ಎಂದರೆ ಅದೂ ಮುಂದಿನ ತಿಂಗಳೇ. ಅಮ್ಮನ ಹಾಡಿಗೆ ಬದಲಾಗಿ ನನಗೆ ಪುಕ್ಕಟೆ ಎಂದು ಕೊಟ್ಟಿದ್ದ ಪೆಟ್ಟಿಗೆಗೂ ಬೀಗ ಬೀಳತೊಡಗಿತು. ಹೆತ್ತ ತಾಯಿಯ ದನಿ ಕೇಳಲು ನಾನು ತಿಂಗಳು ತಿಂಗಳು ಸಾಲಿನಲ್ಲಿ ನಿಂತು ಚಂದಾ ಕಟ್ಟಿದೆ.

"ಬಿಡೇ ಮಾರಾಯ್ತಿ, ಕೊಡ್ತಾನೆ," ಎಂದರು ಯಜಮಾನರು. ಅವರ ಪ್ರಕಾರ ಲೋಕದಲ್ಲಿ ಎಲ್ಲರೂ ಕೊಡುತ್ತಾರೆ.

ಆಮೇಲೆ ಚೀನಾ ಮೊಬೈಲ್ ಬಂತು. ಭಟ್ಕಳದ ಬಜಾರಿನಲ್ಲಿ ಬೀಗವಿಲ್ಲದ ಪೆಟ್ಟಿಗೆಗಳು ಮೊದಲಿನಿಂದಲೂ ಸಿಗುತ್ತಿದ್ದವು. ಈಗ ಫೋನಿನೊಳಗೇ ಉಗುರಿನಷ್ಟು ಕಾರ್ಡು, ಅದರೊಳಗೆ ಬೇಕಾದಷ್ಟು ಹಾಡು. ಶಿರಾಲಿಯ ಹೆದ್ದಾರಿ ಪಕ್ಕದ ಬೀಡಾ ಅಂಗಡಿಯಲ್ಲೂ ‘ಇಲ್ಲಿ ಹಾಡು ತುಂಬಿಸಿ ಕೊಡಲಾಗುವುದು’ ಎಂದು ರಟ್ಟಿನ ಬೋರ್ಡು ಬಂತು. ಚಂದಾ ಕಟ್ಟುವವರು ದಿನೇ ದಿನೇ ಕರಗಿದರು. ಮೊದಲು ಭಟ್ಕಳದ ಶಾಖೆ ಮುಚ್ಚಿತು, ಆಮೇಲೆ ಹೊನ್ನಾವರದ್ದು. ಕೊನೆಗೊಂದು ದಿನ ದೊಡ್ಡ ಊರಿನ ಕಂಪನಿಯೇ ಕಣ್ಣು ಮುಚ್ಚಿತು. ಚಂದಾ ಕಟ್ಟಿದವರ ಪೆಟ್ಟಿಗೆಗೂ, ಕಟ್ಟದವರ ಪೆಟ್ಟಿಗೆಗೂ ಒಟ್ಟಿಗೇ ಬೀಗ ಬಿತ್ತು. ತೆಗೆಯುವ ಕೀಲಿಕೈ ಇನ್ನು ಯಾರ ಹತ್ತಿರವೂ ಇಲ್ಲ.

ಓಡಿದೆ ಕುಮಟಾಕ್ಕೆ. ಗಾಜಿನ ಬಾಗಿಲಿಗೆ ಪೇಪರ್ ಅಂಟಿಸಿದ್ದರು. ಒಳಗೆ ಅವನು ಸಾಮಾನು ಕಟ್ಟುತ್ತಿದ್ದ. ಕಂಪ್ಯೂಟರು ಕಂಪನಿಯವರದ್ದು, ಅವರು ತಕ್ಕೊಂಡು ಹೋದರು, ಒಳಗಿದ್ದದ್ದೂ ಹೋಯಿತು ಎಂದ. ಅಮ್ಮನ ಹಾಡನ್ನು ಬೇರೆಲ್ಲಾದರೂ ಇಟ್ಟಿದ್ದೀಯಾ ಎಂದರೆ ಇಲ್ಲ. ಮೇಜಿನ ಡ್ರಾದ ತಳದಿಂದ ನನ್ನ ಕ್ಯಾಸೆಟ್ ತೆಗೆದು ಕೊಟ್ಟ. ಸುತ್ತಿದ್ದ ರವಿಕೆ ಬಟ್ಟೆ ಇರಲಿಲ್ಲ. ಕ್ಯಾಸೆಟ್ಟಾದರೂ ಸಿಕ್ಕಿತಲ್ಲ ಎಂದು ಎದೆಗೆ ಒತ್ತಿಕೊಂಡು ಬಸ್ಸು ಹತ್ತಿದೆ.

ಮನೆಗೆ ಬಂದು ಹಾಕಿದರೆ, "ಬನ್ನಿರಿ ಬನ್ನಿರಿ, ಭಟ್ಕಳದ ಮಹಾಜನರೇ! ನಮ್ಮ ನೂತನ ಶಾಖೆ ಪ್ರಾರಂಭೋತ್ಸವ..." ಅವನದೇ ದನಿ. ರಿಕ್ಷಾಕ್ಕೆ ಮೈಕು ಕಟ್ಟಿ ಊರೆಲ್ಲ ಕೂಗಿಸಿದ ಪ್ರಚಾರ. ತಿರುಗಿಸಿ ಹಾಕಿದೆ. ಆ ಬದಿಯಲ್ಲೂ ಅದೇ. ಮತ್ತೆ ಮತ್ತೆ ಅದೇ, ಟೇಪು ಮುಗಿಯುವವರೆಗೆ. ನಡುವೆ ಎಲ್ಲಾದರೂ ಅಮ್ಮನ ಒಂದು ಮಾತು, ಒಂದು ಕೆಮ್ಮು ಉಳಿದಿರಬಹುದೆಂದು ಉಸಿರು ಬಿಗಿಹಿಡಿದು ಕೇಳಿದೆ. ಇರಲಿಲ್ಲ. ಹೊರತೆಗೆದು ನೋಡಿದರೆ ನಾನು ಕತ್ತರಿಯಿಂದ ಮುರಿದಿದ್ದ ಎರಡೂ ತೂತುಗಳ ಮೇಲೆ, ರೆಕಾರ್ಡ್ ಗುಂಡಿ ಮತ್ತೆ ಒತ್ತಲು ಬರಲೆಂದು, ನೀಟಾಗಿ ಗಮ್ ಟೇಪ್ ಅಂಟಿಸಿದ್ದ.

ಮರುದಿನ ಮತ್ತೆ ಹೋದೆ. ಕ್ಯಾಸೆಟ್ಟನ್ನು ಅವನ ಮೂಗಿಗೆ ಹಿಡಿದೆ.

"ಅಪ್ಪಿತಪ್ಪಿ ಆತು ಅಕ್ಕಾ," ಎಂದ.

"ಅಪ್ಪಿತಪ್ಪಿ ಗಮ್ ಟೇಪ್ ಅಂಟ್ತದಾ? ಎರಡೂ ತೂತಿಗೆ?"

ಅವನು ಆಚೀಚೆ ನೋಡಿದ. ಗಿರಾಕಿಗಳ ಎದುರು ಮರ್ಯಾದೆ ಹೋಗುತ್ತದೆಂಬ ಚಿಂತೆ, ಅಲ್ಲಿ ಗಿರಾಕಿಗಳಿರಲಿಲ್ಲ ಎಂಬುದು ಬೇರೆ ಮಾತು. "ಕಂಪ್ಯೂಟರಿಗೆ ಹತ್ತಿಸಿ ಆಗಿತ್ತಲ್ಲ, ಮತ್ತೆ ಇದು ಎಂತಕ್ಕೆ ಹೇಳಿ. ಒಂದು ಹಳೇ ಕ್ಯಾಸೆಟ್ಟಿಗೆ ಇಷ್ಟು ಮಾತಾ? ಬೇಕಾದ್ರೆ ಹೊಸ ಖಾಲಿ ಕ್ಯಾಸೆಟ್ಟೇ ಕೊಡ್ತೆ, ತಕಂಡ್ ಹೋಗಿ."

ಖಾಲಿ ಕ್ಯಾಸೆಟ್. ಹಾಳಾಗಿ ಹೋಗು ಎಂದು ಶಾಪ ಹಾಕಿ ಬಂದೆ. ಆದರೆ ಶಾಪದಿಂದ ಹಾಳಾದವರನ್ನು ನಾನು ನೋಡಿಲ್ಲ. ಅವನು ಅದೇ ಅಂಗಡಿಯಲ್ಲಿ ಮೊಬೈಲ್ ರೀಚಾರ್ಜ್ ಶುರುಮಾಡಿ ಮತ್ತೆ ದುಂಡಗಾದ.

ದೇವರು ಕಣ್ಣು ಬಿಡುವುದು ಹೇಗೆಂದು ಹೇಳಲಾಗದು. ನಮ್ಮ ಭಾವನವರ ಮಗಳಿಗೆ ಗಂಡು ನೋಡುತ್ತಿದ್ದರು. ಬಂದ ಸಂಬಂಧ ಯಾವುದು? ಆ ಮನುಷ್ಯನ ತಮ್ಮ. ಹುಡುಗ ಒಳ್ಳೆಯವನು, ಸೊಸೈಟಿಯಲ್ಲಿ ಕೆಲಸ, ಅವನ ಮೇಲೆ ನನ್ನದೇನೂ ತಕರಾರಿಲ್ಲ. ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು, ಗಲಾಟೆ ಮಾಡುತ್ತಾಳೆ ಎಂದು. ನಾನು, "ಬೇಗ ಮುಗಿಸಿ, ಒಳ್ಳೇ ಸಂಬಂಧ," ಎಂದೆ. ಯಜಮಾನರು ಮಾತ್ರ ನನ್ನನ್ನು ಓರೆಗಣ್ಣಿನಿಂದ ನೋಡಿದರು. ಹುಡುಗನ ತಂದೆ ತೀರಿಕೊಂಡಿದ್ದರಿಂದ ಆ ಮನೆಯ ಯಜಮಾನಿಕೆ ಅಣ್ಣನದೇ. ಅಂದರೆ ಎಲೆಯ ಮುಂದೆ ಮೊದಲ ಸಾಲಿನಲ್ಲಿ ಕೂರುವ ಬೀಗ ಅವನು. ನಾನು ಹೆಣ್ಣಿನ ಕಡೆಯವಳು.

ಮದುವೆ ದಿನ ಅವನು ಜರಿ ಶಾಲು ಹೊದ್ದು ಕೂತ. ನನ್ನನ್ನು ಕಂಡು, "ಎಂತ ಅಕ್ಕಾ, ಆರಾಮಾ?" ಎಂದೂ ಕೇಳಿದ. ಮರೆತಿದ್ದ ಅವನು! ಹೋಳಿಗೆ ಬಡಿಸುವ ಹೊತ್ತಿಗೆ ನಾನು ಹೆಂಗಸರ ನಡುವೆ ಕೂತು ಗಂಟಲು ಸರಿಮಾಡಿಕೊಂಡೆ. ಅಲ್ಲಿಯವರೆಗೆ ನಾನು ಯಾವ ಮದುವೆಯಲ್ಲೂ ಮುಂದೆ ನಿಂತು ಹಾಡಿದವಳಲ್ಲ.

ಕೋಳಿ ಕೂಗೂಕೂ ಚಂದಾ ಕೇಳ್ದ ನಮ್ಮ ಬೀಗಣ್ಣ
ಕಾಗೆ ಕೂಗೂಕೂ ರಸೀದಿ ಹರ್ದ ನಮ್ಮ ಬೀಗಣ್ಣ
ಕಿವಿಗೆ ದಾರ ಕಟ್ಟಿ ಬಿಟ್ಟ, ಬಾಯಿಗೆ ಬೀಗ ಜಡಿದು ಬಿಟ್ಟ
ಬೀಗ ಹಾಕೂ ಬೀಗ್ರಿಗೆ ಹೆಣ್ಣು ಕೊಟ್ಟೆವಣ್ಣ

ಬಿತ್ತು ನೋಡಿ ಚಪ್ಪರದಲ್ಲಿ ನಗೆ! ಚಂದಾ ಕಟ್ಟಿ ಬೀಗ ಹಾಕಿಸಿಕೊಂಡವರು ಎರಡೂ ಕಡೆಯಲ್ಲಿ ಇದ್ದರು. ಹೆಂಗಸರು ಎರಡನೆಯ ಸಲಕ್ಕೆ ದನಿಗೂಡಿಸಿದರು. ನಾನು ಬಿಡಲಿಲ್ಲ. ಹಾಡಿನೊಳಗೆ ಗಮ್ ಟೇಪು ಹಾಕಿದೆ, ರಿಕ್ಷಾದ ಮೈಕು ಹಾಕಿದೆ, ‘ತಾಯಿ ದನಿ ಅಳಿಸಿ ತನ್ನ ದನಿ ತುಂಬ್ದ’ ಎಂದೂ ಹಾಕಿದೆ. ಅಲ್ಲಿಗೆ ಅವನಿಗೆ ನೆನಪಾಯಿತು. ಮುಖ ಕಪ್ಪಿಟ್ಟಿತು. ಆದರೆ ಕಟ್ಟಳೆ ಕಟ್ಟಳೆಯೇ. ನಗಬೇಕು, ನಕ್ಕ. ಏಳಬೇಕು, ಎದ್ದ. ಕಾಯಿ, ವೀಳ್ಯ ಹಿಡಿದು ನನ್ನ ಮುಂದೆ ಬಂದು ಬಗ್ಗಿದ. ನಾನು ಸೆರಗೊಡ್ಡಿ ಇಸಿದುಕೊಂಡೆ. ಆ ಕಾಯಿಯಲ್ಲಿ ಮಾಡಿದ ಬಂಗುಡೆ ಸಾರಿನಷ್ಟು ರುಚಿಯಾದ ಸಾರು ನಾನು ಮತ್ತೆ ಉಂಡಿಲ್ಲ.

ಅದು ಅಲ್ಲಿಗೇ ಮುಗಿಯಲಿಲ್ಲ. ಊಟಕ್ಕೆ ಕೂತ ಯಾರೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಬ್ಲೂಟೂತ್ ಕಾಲ ಅದು. ಫೋನಿಗೆ ಫೋನು ತಾಗಿಸುತ್ತ ಹಾಡು ಹೊನ್ನಾವರದ ಬಸ್‌ಸ್ಟ್ಯಾಂಡಿಗೆ ಬಂತು, ತೆಂಗಿನಗುಂಡಿ ಬಂದರಿನ ಬೋಟುಗಳಿಗೆ ಹತ್ತಿತು. ಶಿರಾಲಿಯ ಬೀಡಾ ಅಂಗಡಿಯವ ಕಾರ್ಡು ತುಂಬಿಸುವಾಗ ಕೇಳದಿದ್ದರೂ ಅದನ್ನು ಸೇರಿಸಿಯೇ ಕೊಡುತ್ತಿದ್ದನಂತೆ. ಚಂದಾ ಇಲ್ಲ, ಬೀಗ ಇಲ್ಲ. ಕುಮಟಾದಲ್ಲಿ ಅವನ ಹೆಸರೇ ಬೀಗಣ್ಣ ಎಂದಾಯಿತು. ರೀಚಾರ್ಜಿಗೆ ಬಂದವರು ಅವನ ಎದುರೇ ಫೋನಿನಲ್ಲಿ ಹಾಡು ಒತ್ತುತ್ತಿದ್ದರು. ನಾನು ಹೊಲಿಯುತ್ತ ಕೂತು ಇದೆಲ್ಲವನ್ನೂ ಬಂದವರ ಬಾಯಿಂದ ಕೇಳಿ ಕೇಳಿ ಸುಖಪಟ್ಟೆ. ಯಜಮಾನರು, "ಸಾಕು ಮಾಡೇ ಇನ್ನು," ಎಂದರು. ಸಾಕಾಗಿರಲಿಲ್ಲ ನನಗೆ.

ಒಂದು ಮಧ್ಯಾಹ್ನ ಅವನೇ ಜಗುಲಿಗೆ ಬಂದ. ಸೊರಗಿದ್ದ. ಕೂರು ಎನ್ನಲಿಲ್ಲ ನಾನು.

"ಅಕ್ಕಾ, ಮಗಳು ಶಾಲೆಗೆ ಹೋಗ್ತಿಲ್ಲ. ಬೀಗಣ್ಣನ ಮಗಳು ಹೇಳಿ ಕರೀತಾರೆ ಅಲ್ಲಿ. ನೀವು ಒಂದು ಮಾತು ಹೇಳಿದ್ರೆ ಜನ ಬಿಡ್ತಾರೆ. ತಪ್ಪಾತು ನಂದು."

"ನಮ್ಮಮ್ಮನ ದನಿ ತಂದ್ಕೊಡು," ಎಂದೆ. "ತಂದ್ಕೊಡು, ನಾಳೆಯಿಂದ ನಿನ್ನ ಹೊಗಳಿ ಹಾಡ್ತೆ."

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ತಲೆ ತಗ್ಗಿಸಿಕೊಂಡೇ ಹೇಳಿದ, "ದನಿ ತರೂಕಾಗ್ದು. ಮಾತು ನಂಗೆ ಬತ್ತದೆ. ಡೋಲು ತೆಗಿಯುಕೆ ಹೇಳಿ ಕಿವಿಗೆ ಹಾಕ್ಕಂಡು ಎಷ್ಟೋ ದಿನ ಅದೊಂದೇ ಕೇಳಿದ್ದೆ. ಆಗ ಬಾಯಿಗೆ ಬಂದ್ಬಿಟ್ಟದೆ."

ಅವನಿಗೆ ರಾಗವಿಲ್ಲ, ತಾಳವಿಲ್ಲ. ಸೌದೆ ಎಳೆದ ಹಾಗಿನ ದನಿಯಲ್ಲಿ ಹಾಡಿದ.

ಹೊಸಲ ದಾಟೂ ಮಗಳೆ, ತಿರುಗಿ ನೋಡಲು ಬೇಡ
ಸಿಟ್ಟೊಂದೆ ನಾ ಕೊಟ್ಟ ಬಳುವಳಿ, ಕೂಸೇ
ಒಂದೇ ದಿನ ಖರ್ಚು ಮಾಡಬೇಡ

ಅದು ಅಮ್ಮನೇ. ಅವಳಲ್ಲದೆ ಇನ್ಯಾರೂ ಮಗಳಿಗೆ ತವರಿನ ಬಳುವಳಿಯೆಂದು ಸಿಟ್ಟನ್ನು ಕಟ್ಟಿಕೊಡುವುದಿಲ್ಲ. ಅಷ್ಟು ವರ್ಷ ನಾನು ಹುಡುಕಿದ ಮಾತು ಬಂದು ಬಂದು ಈ ಬಾಯಿಯಲ್ಲಿ ಕೂತಿತ್ತಲ್ಲ ಎಂದು ಮೈ ಉರಿಯಿತು. ಅಳು ಬಂತು, ಅವನ ಎದುರು ಅಳಲಿಲ್ಲ.

"ಇನ್ನೊಂದ್ಸಲ ಹೇಳು," ಎಂದೆ.

ಹೇಳಿದ. ಮತ್ತೊಮ್ಮೆ ಹೇಳಿಸಿದೆ. ನನಗೆ ಪೂರ್ತಿ ಬಾಯಿಗೆ ಬರುವವರೆಗೆ ಬಾಗಿಲಲ್ಲೇ ನಿಲ್ಲಿಸಿ ಹೇಳಿಸಿದೆ. ಬಿಸಿಲಿನಲ್ಲಿ ಬಂದವನಿಗೆ ಒಂದು ಲೋಟ ನೀರು ಕೊಡಲಿಲ್ಲ. ಬಾಯಿಪಾಠವಾದ ಮೇಲೆ, "ಆತು, ಹೋಗು," ಎಂದೆ. ಮಗಳ ವಿಷಯಕ್ಕೆ ಅವಳ ಶಾಲೆಯ ಮಕ್ಕಳ ತಾಯಂದಿರಿಗೆ ನಾನೇ ಹೇಳಿದೆ, ಹುಡುಗಿಯನ್ನು ಬಿಡಿ ಎಂದು. ಅಪ್ಪನನ್ನು ಬಿಡಿ ಎಂದು ಯಾರಿಗೂ ಹೇಳಿಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಇದೆ. ಅಮ್ಮ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಖರ್ಚು ಮಾಡುತ್ತಿದ್ದೇನೆ.